ಚಂದ್ರಗಿರಿಯ ಭೀಮನಾಮೆ: ಕೇರಳ ಪ್ರವಾಸಕ್ಕೆ ಹೊರಡುವವರಿಗೊಂದು ಪರಿಚಯ

ರಜೆಯ ದಿನಗಳಲ್ಲಿ ಮುಂಬಯಿಯ ಕನ್ನಡ ಕುಟುಂಬಗಳು ಕೊಚ್ಚಿ, ತಿರುವನಂತಪುರಗಳತ್ತ ಪ್ರಯಾಣ ಬೆಳೆಸುವುದು ಬಹುಕಾಲದ ರೂಢಿ. ನಮ್ಮ ಬ್ಯಾಂಕ್ ನೌಕರರ ಬಳಗದಲ್ಲಂತೂ ಎಲ್‌ಎಫ್‌ಸಿ ಎಂದೊಡನೆ ಮೊದಲು ನೆನಪಾಗುವುದು ಕೇರಳವೇ. ದೂರದರ್ಶನದಲ್ಲಿ ದೈತ್ಯ ಆಮೆಗಳನ್ನು ಕಂಡ ಮಕ್ಕಳು ಅಂಥದೊಂದನ್ನು ಕಣ್ಣಾರೆ ನೋಡಬೇಕು, ಅದರ ಬೆನ್ನು ಸವರಬೇಕು ಎಂದು ಹಠ ಹಿಡಿಯುವುದೂ ಸಹಜ. ಕೇರಳದಲ್ಲಿ ದೈತ್ಯ ಆಮೆ ಇದೆಯೇ ಎಂದು ಕೇಳಿದರೆ ಉತ್ತರ, ಇದೆ. ಆದರೆ ಅದು ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ಅಲ್ಲ. ಆ ಊರುಗಳನ್ನು ತಲುಪುವ ಎಷ್ಟೋ ಮೊದಲೇ, ಕನ್ನಡಿಗರಿಗೆ ಚಿರಪರಿಚಿತವಾದ ಒಂದು ನದಿಯಲ್ಲಿ ಅದು ವಾಸವಾಗಿದೆ.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ ನೆಲದ ಮೇಲಿನದು, ಕೆರೆಹೊಳೆಗಳದು, ಕಡಲಿನದು ಎಲ್ಲವೂ 'ಆಮೆ'ಯೇ. ನಾವು ಚಿತ್ರಗಳಲ್ಲಿ ಕಾಣುವ, ಆನೆಯಂಥ ಕಾಲುಗಳ ದೈತ್ಯರು ನೆಲದ ಆಮೆಗಳು. ಇಂದು ಇವು ಸಹಜವಾಗಿ ಬದುಕಿರುವುದು ಎರಡೇ ಕಡೆ: ಶಾಂತಸಾಗರದ ಗ್ಯಾಲಪಗೋಸ್ ದ್ವೀಪಗಳಲ್ಲಿ ಮತ್ತು ಹಿಂದೂ ಮಹಾಸಾಗರದ ಅಲ್ಡಾಬ್ರಾದಲ್ಲಿ. ಸೆಶೆಲ್ಸ್ ದೇಶಕ್ಕೆ ಸೇರಿದ ಅಲ್ಡಾಬ್ರಾ 1982ರಿಂದ ಯುನೆಸ್ಕೋ ವಿಶ್ವಪರಂಪರೆಯ ತಾಣ. ಅಲ್ಲಿ ಸುಮಾರು ಒಂದು ಲಕ್ಷ ಆಮೆಗಳಿವೆ. ತಿಂಗಳುಗಟ್ಟಲೆ ಆಹಾರವಿಲ್ಲದೆ ಬದುಕಬಲ್ಲ ಈ ಪ್ರಾಣಿಗಳನ್ನು ಹಿಂದಿನ ನಾವಿಕರು ಹಡಗಿನಲ್ಲಿ ಜೀವಂತ ಮಾಂಸದ ದಾಸ್ತಾನಾಗಿ ಒಯ್ಯುತ್ತಿದ್ದರು. ಬಹುತೇಕ ದ್ವೀಪಗಳಲ್ಲಿ ಅವು ನಿರ್ನಾಮವಾದದ್ದಕ್ಕೆ ಇದೂ ಒಂದು ಕಾರಣ.

ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿದ್ದ 'ಅದ್ವೈತ' ಇಂಥದೇ ಅಲ್ಡಾಬ್ರಾ ಆಮೆ. 2006ರ ಮಾರ್ಚ್‌ನಲ್ಲಿ ಅದು ತೀರಿಕೊಂಡಾಗ ವಯಸ್ಸು ಇನ್ನೂರೈವತ್ತು ದಾಟಿತ್ತೆಂದೂ, ರಾಬರ್ಟ್ ಕ್ಲೈವನ ತೋಟದಿಂದ ಬಂದದ್ದೆಂದೂ ಪತ್ರಿಕೆಗಳು ಬರೆದವು. ವಯಸ್ಸಿನ ಲೆಕ್ಕಕ್ಕೆ ಪುರಾವೆ ಗಟ್ಟಿಯಿಲ್ಲದಿದ್ದರೂ ಕಥೆ ಸೊಗಸಾಗಿದೆ. ನಮ್ಮ ಮೃಗಾಲಯಗಳ ದೈತ್ಯ ಆಮೆಗಳೆಲ್ಲ ಹೀಗೆ ಹೊರನಾಡಿನಿಂದ ಬಂದ ಅತಿಥಿಗಳು. ಭಾರತದ ಸ್ವಂತ ನೆಲದ ದೈತ್ಯ ಆಮೆ ಅಳಿದು ಬಹುಕಾಲವಾಯಿತು. 19ನೆಯ ಶತಮಾನದಲ್ಲಿ ಫಾಲ್ಕನರ್ ಮತ್ತು ಕಾಟ್ಲಿ ಎಂಬ ವಿದ್ವಾಂಸರು ಶಿವಾಲಿಕ ಬೆಟ್ಟಗಳಲ್ಲಿ ಅದರ ಅಸ್ಥಿಗಳನ್ನು ಅಗೆದು ತೆಗೆದರು. ಭೂಮಿಯನ್ನು ಹೊತ್ತ ಕೂರ್ಮದ ಪುರಾಣಕ್ಕೂ ಈ ಪ್ರಾಣಿಗೂ ಸಂಬಂಧವಿದ್ದೀತೆಂದು ಫಾಲ್ಕನರ್ ಊಹಿಸಿದ್ದು ಸ್ವಾರಸ್ಯಕರ.

ಕೊಚ್ಚಿಯ ಹೆಸರು ಹೊತ್ತ ಆಮೆ

ಕೊಚ್ಚಿಯ ಹೆಸರು ಅಂಟಿಕೊಂಡಿರುವ ಆಮೆಯೂ ಒಂದಿದೆ. ಆದರೆ ಅದು ಅಂಗೈಯಗಲದ್ದು. ಹಿಂದಿನ ಕೊಚ್ಚಿ ಸಂಸ್ಥಾನದ ಕಾಡಿನಲ್ಲಿ ದೊರೆತ ಇದನ್ನು ಹೆಂಡರ್ಸನ್ ಎಂಬವರು 1912ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದರು. ಮಲಯಾಳದಲ್ಲಿ ಚೂರಲಾಮ, ಅಂದರೆ ಬೆತ್ತದ ಆಮೆ. ಅನಂತರ ಸುಮಾರು ಎಪ್ಪತ್ತು ವರ್ಷ ಇದನ್ನು ಯಾವ ವಿಜ್ಞಾನಿಯೂ ಕಾಣಲಿಲ್ಲ. 1982ರಲ್ಲಿ ಅದನ್ನು ಮತ್ತೆ ಪತ್ತೆಹಚ್ಚಿದವರು ಜೆ. ವಿಜಯಾ. 1959ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಈಕೆ ಭಾರತದ ಮೊದಲ ಮಹಿಳಾ ಉರಗತಜ್ಞೆ ಎನಿಸಿದವರು. ಕಾಡಿನ ಗುಹೆಯೊಂದರಲ್ಲಿ ವಾಸವಿದ್ದು ಆ ಪುಟ್ಟ ಆಮೆಯ ಜೀವನಕ್ರಮವನ್ನು ಅಧ್ಯಯನ ಮಾಡಿದರು. 1987ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡರು. 2006ರಲ್ಲಿ ವಿಜ್ಞಾನಿಗಳು ಈ ಆಮೆಯ ಕುಲಕ್ಕೆ 'ವಿಜಯಾಕೆಲಿಸ್' ಎಂದು ಹೆಸರಿಟ್ಟರು. ನಮ್ಮ ಊರಿನಲ್ಲಿ ಹುಟ್ಟಿದ ಹೆಣ್ಣುಮಗಳ ಹೆಸರು ಒಂದು ಜೀವಕುಲಕ್ಕೆ ಶಾಶ್ವತವಾಗಿ ಸಂದಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆಯೋ! ಪಾಠಪುಸ್ತಕಗಳಲ್ಲಿ ಬರಬೇಕಾದ ಸಂಗತಿ ಇದು.

ಪಯಸ್ವಿನಿಯ ಮರಳಿನಲ್ಲಿ

ಇನ್ನು ನಿಜವಾದ ದೈತ್ಯನ ವಿಚಾರ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಮೂಲಕ ಹರಿದು, ಕಾಸರಗೋಡಿನ ಬಳಿ ಕಡಲು ಸೇರುವ ನದಿ ಪಯಸ್ವಿನಿ. ಕೆಳಪಾತ್ರದಲ್ಲಿ ಅದಕ್ಕೆ ಚಂದ್ರಗಿರಿ ಎಂದು ಹೆಸರು. ತುಳುನಾಡಿಗೂ ಮಲೆಯಾಳಕ್ಕೂ ನಡುವಣ ಸಾಂಪ್ರದಾಯಿಕ ಎಲ್ಲೆ ಎಂದು ಹಿರಿಯರು ಹೇಳುವುದು ಇದನ್ನೇ. ಕೆಳದಿಯ ಶಿವಪ್ಪ ನಾಯಕನ ಹೆಸರಿನೊಂದಿಗೆ ಸೇರಿಕೊಂಡ ಚಂದ್ರಗಿರಿ ಕೋಟೆ ಇರುವುದೂ ಇದರ ದಡದಲ್ಲೇ. ಈ ನದಿಯ ಮರಳಿನಲ್ಲಿ ಹುದುಗಿ ಬದುಕುವ ಪ್ರಾಣಿಗೆ ಇಂಗ್ಲಿಷಿನಲ್ಲಿ ಕ್ಯಾಂಟರ್ಸ್ ಜಯಂಟ್ ಸಾಫ್ಟ್‌ಶೆಲ್ ಟರ್ಟಲ್, ಅಂದರೆ ಕ್ಯಾಂಟರನ ದೈತ್ಯ ಮೆದುಚಿಪ್ಪಿನ ಆಮೆ ಎನ್ನುತ್ತಾರೆ. ಮಲಯಾಳದಲ್ಲಿ ಇದು ಭೀಮನಾಮ. ಪಾಲಪೂವನ್ ಎಂಬ ಹೆಸರೂ ಉಂಟು. ಭೀಮನಾಮೆ ಎಂದರೆ ಕನ್ನಡಕ್ಕೂ ಒಪ್ಪುತ್ತದೆ.

ಇದರ ಬೆನ್ನಿನ ಮೇಲೆ ಗಟ್ಟಿ ಚಿಪ್ಪಿಲ್ಲ, ರಬ್ಬರಿನಂಥ ಚರ್ಮದ ಹೊದಿಕೆಯಿದೆ. ತಲೆ ಚಪ್ಪಟೆ, ಕಣ್ಣುಗಳು ಮೂತಿಗೆ ತೀರ ಸಮೀಪ. ಪೂರ್ಣ ಬೆಳೆದ ಆಮೆಯ ಬೆನ್ನು ಒಂದು ಮೀಟರಿಗೂ ಹೆಚ್ಚು ಉದ್ದವಿರಬಹುದು, ತೂಕ ನೂರು ಕಿಲೋಗ್ರಾಂ ಮುಟ್ಟಬಹುದು. ಇಷ್ಟು ದೊಡ್ಡ ಪ್ರಾಣಿ ಕಣ್ಣಿಗೆ ಬೀಳದಿರುವುದು ಹೇಗೆ? ಆಯುಷ್ಯದ ಬಹುಪಾಲನ್ನು ಅದು ಮರಳಿನಡಿ ನಿಶ್ಚಲವಾಗಿ ಕಳೆಯುತ್ತದೆ. ಮೂತಿಯಷ್ಟೇ ಹೊರಗೆ. ಮೀನು ಸಮೀಪಿಸಿದೊಡನೆ ಕತ್ತು ಚಾಚಿ ಮಿಂಚಿನಂತೆ ಹಿಡಿಯುತ್ತದೆ. ಅದೇ ವೇಗ ಮನುಷ್ಯನ ಬೆರಳಿಗೂ ಅನ್ವಯಿಸುತ್ತದೆ. ಬೆನ್ನು ಸವರುವ ಆಸೆಯುಳ್ಳವರು ಇದನ್ನು ಮರೆಯಬಾರದು.

ಭಾರತದಿಂದ ಆಗ್ನೇಯ ಏಷ್ಯದವರೆಗೆ ಹರಡಿದ್ದ ಈ ಜೀವಿ ಇಂದು ವಿನಾಶದ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಕಾಂಬೋಡಿಯದ ಮೆಕಾಂಗ್ ನದಿಯಲ್ಲಿ 2007ರಲ್ಲಿ ಮತ್ತೆ ಕಂಡದ್ದೇ ದೊಡ್ಡ ಸುದ್ದಿಯಾಗಿತ್ತು. ಚಂದ್ರಗಿರಿಯಲ್ಲಿ ಅದರ ಇರವನ್ನು ದೃಢಪಡಿಸಿದ ಕಾರ್ಯದ ರೀತಿ ಗಮನಾರ್ಹವಾದುದು. ಸಂಶೋಧಕಿ ಆಯುಷಿ ಜೈನ್ ಮತ್ತು ಸಂಗಡಿಗರು ಮೊದಲು ಯಂತ್ರಗಳ ಮೊರೆಹೋಗದೆ ನದೀತೀರದ ಮನೆಮನೆಗಳಿಗೆ, ಮೀನುಗಾರರ ಬಳಿಗೆ ಹೋಗಿ ಮಾತನಾಡಿಸಿದರು. ಯಾವ ಕಯದಲ್ಲಿ, ಯಾವ ತಿಂಗಳಲ್ಲಿ, ಎಷ್ಟು ದೊಡ್ಡದು ಕಂಡಿರಿ ಎಂದು ಕೇಳಿದರು. ಬಲೆಗೆ ಆಮೆ ಸಿಕ್ಕಾಗ, ಮೊಟ್ಟೆಯಿಟ್ಟದ್ದು ಕಂಡಾಗ ಸುದ್ದಿ ಮುಟ್ಟಿಸುವ ಊರವರ ಜಾಲವೊಂದು ಬೆಳೆಯಿತು. ಅದರ ಫಲವಾಗಿ ಮೊಟ್ಟೆಯಿಡುವ ಹೆಣ್ಣಾಮೆಯ ದಾಖಲೆ ದೊರೆಯಿತು. ನೀರಿನಲ್ಲಿ ಮುಳುಗಿದ ಗೂಡುಗಳಿಂದ ಮೊಟ್ಟೆಗಳನ್ನು ಎತ್ತಿ ಮರಿ ಮಾಡಿಸಿ ನದಿಗೆ ಬಿಡಲಾಯಿತು. ಈ ವಿವರಗಳು 2024ರಲ್ಲಿ 'ಓರಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾದವು. ಅಕ್ಷರಸ್ಥ ವಿಜ್ಞಾನ ಅರಿಯದಿದ್ದದ್ದನ್ನು ಬಲೆ ಬೀಸುವವರು ತಲೆಮಾರುಗಳಿಂದ ಬಲ್ಲವರಾಗಿದ್ದರು.

2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯತು ಜಿಲ್ಲೆಯ ಮರ, ಹಕ್ಕಿ, ಹೂವುಗಳೊಂದಿಗೆ ಈ ಆಮೆಯನ್ನೂ ಜಿಲ್ಲೆಯ ಅಧಿಕೃತ ಜೀವಿಯಾಗಿ ಘೋಷಿಸಿತು. ಗೌರವ ಸಂದಿತು, ಸಂಕಟ ಮುಗಿದಿಲ್ಲ. ಮೊಟ್ಟೆಯಿಡಲು ಆಮೆಗೆ ದಡದ ಮರಳು ಬೇಕು. ಮರಳು ಎತ್ತಿದರೆ ಆ ನೆಲೆಯೇ ಇಲ್ಲ. ನದಿಗೆ ಅಡ್ಡಲಾಗಿ ಕಟ್ಟಿದಲ್ಲಿ ನೀರು ಏರಿದರೆ ಗೂಡು ಮುಳುಗುತ್ತದೆ. ಮೀನಿಗೆ ಹಾಕಿದ ಗಾಳ ಆಮೆಯ ಗಂಟಲಿಗೆ ಸಿಕ್ಕುತ್ತದೆ. ಕುಡಿಯುವ ನೀರೂ ಬೇಕು, ಮನೆ ಕಟ್ಟಲು ಮರಳೂ ಬೇಕು ಎನ್ನುವ ಜನರ ನಡುವೆಯೇ ಅದು ಉಳಿಯಬೇಕಾಗಿದೆ. ಆದ್ದರಿಂದ ಇದನ್ನು ಬರಿಯ ಅರಣ್ಯ ಇಲಾಖೆಯ ಕೆಲಸವೆಂದು ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ.

ಹೋಗುವವರ ಗಮನಕ್ಕೆ

ಭೀಮನಾಮೆಯನ್ನು ತೋರಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ ದೂರವಿರುವುದು ಲೇಸು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು ಶಿಕ್ಷಾರ್ಹ ಅಪರಾಧ. ಮಕ್ಕಳಿಗೆ ಜಲಚರಗಳ ಸಾಮೀಪ್ಯದ ಸಂತೋಷ ಬೇಕಿದ್ದರೆ ಸುಳ್ಯ ತಾಲೂಕಿನ ತೊಡಿಕಾನದ ದೇವರ ಮೀನುಗಳಿವೆ. ಕಾಸರಗೋಡಿನಿಂದ ದಕ್ಷಿಣಕ್ಕೆ, ನೀಲೇಶ್ವರದ ಬಳಿಯ ತೈಕ್ಕಡಪ್ಪುರಂ ಕಡಲತೀರದಲ್ಲಿ 'ನೈತಲ್' ಎಂಬ ಸ್ಥಳೀಯ ಸಂಘಟನೆ ಕಡಲಾಮೆಯ ಮೊಟ್ಟೆಗಳನ್ನು ಕಾಪಾಡಿ ಮರಿಗಳನ್ನು ಸಮುದ್ರಕ್ಕೆ ಬಿಡುತ್ತ ಬಂದಿದೆ. ತಿರುವನಂತಪುರಕ್ಕೆ ಹೋದವರು 1857ರಲ್ಲಿ ಸ್ಥಾಪಿತವಾದ ಮೃಗಾಲಯವನ್ನೂ ಅದೇ ಆವರಣದ ವಸ್ತುಸಂಗ್ರಹಾಲಯವನ್ನೂ ನೋಡಬಹುದು.

ಮನೆಯ ಗಾಜಿನ ತೊಟ್ಟಿಯಲ್ಲಿ ಕೆಂಪು ಕಿವಿಯ ಪುಟ್ಟ ಆಮೆ ಸಾಕಿರುವವರಿಗೆ ಇನ್ನೊಂದು ಮಾತು. ಅದು ಅಮೆರಿಕ ಮೂಲದ್ದು. ದೊಡ್ಡದಾಯಿತೆಂದು ಕೆರೆಗೋ ದೇವಸ್ಥಾನದ ಕೊಳಕ್ಕೋ ಬಿಟ್ಟರೆ ನಾಡಿನ ಆಮೆಗಳ ಅನ್ನ ಕಸಿಯುತ್ತದೆ. 2018ರಲ್ಲಿ ತ್ರಿಶೂರಿನ ಕಾಲುವೆಯೊಂದರಲ್ಲಿ ಇದು ಸಿಕ್ಕ ಬಳಿಕ ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ಇಂಥವನ್ನು ಸಂಗ್ರಹಿಸಲು ಮುಂದಾಯಿತು. ಅದೃಷ್ಟಕ್ಕೆಂದು ನಕ್ಷತ್ರ ಆಮೆಯನ್ನು ಮನೆಯಲ್ಲಿಡುವುದಂತೂ ನೇರ ಅಪರಾಧ. 2019ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಷಿದ್ಧ.

ಮುಂಬಯಿಯಿಂದ ನೇತ್ರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟವರು ಎರ್ನಾಕುಲಂ, ತಿರುವನಂತಪುರ ತಲುಪುವ ಮೊದಲು ಈ ನದಿಯನ್ನು ದಾಟುತ್ತಾರೆ. ಕಾಸರಗೋಡು ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿಗೆ ಚಂದ್ರಗಿರಿಯ ಸೇತುವೆ ಬರುತ್ತದೆ. ಭೀಮನಾಮೆಯ ನೆಲೆಗಳಿರುವುದು ಅಲ್ಲಿಂದ ಪೂರ್ವಕ್ಕೆ, ನದಿಯ ಮೇಲ್ಪಾತ್ರದ ದಿಕ್ಕಿನಲ್ಲಿ.