ಹಾಡು ಮತ್ತು ಹಾಡು ಕಟ್ಟಿದವರು: ಎಲಿಜಬೆತ್ ಕಾಟನ್

ಜನಪದ ಗೀತೆಗೆ ಕರ್ತೃವಿಲ್ಲ, ಅದು ಸಮುದಾಯದ ಸೃಷ್ಟಿ ಎಂಬುದು ಜಾನಪದ ಅಧ್ಯಯನದ ಆರಂಭಿಕ ನಂಬಿಕೆಗಳಲ್ಲೊಂದು. ಈ ನಂಬಿಕೆಯಿಂದ ಹಾಡು ಕಟ್ಟಿದವರಿಗೆ ಆಗಬಹುದಾದ ನಷ್ಟಕ್ಕೆ ಅಮೆರಿಕದ ಕಪ್ಪು ಗಾಯಕಿ ಎಲಿಜಬೆತ್ ಕಾಟನ್ ಅವರ ಬದುಕು ಸ್ಪಷ್ಟ ನಿದರ್ಶನವಾಗಿದೆ.

ಉತ್ತರ ಕೆರೊಲಿನಾದ ಕಾರ್ಬರೊದಲ್ಲಿ 1890ರ ದಶಕದಲ್ಲಿ ಜನಿಸಿದ ಕಾಟನ್, ಬಾಲ್ಯದಲ್ಲಿಯೇ ಮನೆಗೆಲಸದ ಕೂಲಿಯಿಂದ ಗಿಟಾರ್ ಕೊಂಡರು. ಎಡಗೈ ರೂಢಿಯ ಅವರು ತಂತಿಗಳ ಕ್ರಮ ಬದಲಿಸದೆ ವಾದ್ಯವನ್ನೇ ತಿರುಗಿಸಿ ಹಿಡಿದು, ಬೆರಳುಗಳಿಂದ ಮಂದ್ರವನ್ನೂ ಹೆಬ್ಬೆರಳಿನಿಂದ ರಾಗವನ್ನೂ ನುಡಿಸಿದರು. ಸರಕು ರೈಲನ್ನು ಕುರಿತ ‘ಫ್ರೇಟ್ ಟ್ರೇನ್’ ಆ ಎಳವೆಯ ರಚನೆ. ಲೌಕಿಕ ಹಾಡುಗಳನ್ನು ತೊರೆಯಬೇಕೆಂಬ ಚರ್ಚಿನ ಒತ್ತಾಯ ಮತ್ತು ಸಂಸಾರದ ಹೊಣೆಗಳಿಂದಾಗಿ ಅವರ ವಾದನ ದಶಕಗಳ ಕಾಲ ನಿಂತುಹೋಯಿತು.

ಮುಂದೆ ಅವರು ವಾಷಿಂಗ್ಟನ್ ಸಮೀಪ ಸಂಗೀತ ವಿದ್ವಾಂಸ ಚಾರ್ಲ್ಸ್ ಸೀಗರ್ ಮತ್ತು ರೂತ್ ಕ್ರಾಫರ್ಡ್ ಸೀಗರ್ ದಂಪತಿಗಳ ಮನೆಗೆಲಸಕ್ಕೆ ಸೇರಿದರು. ರೂತ್ ಧ್ವನಿಮುದ್ರಿತ ಜನಪದ ಗೀತೆಗಳನ್ನು ಸ್ವರಲಿಪಿಗೆ ಇಳಿಸಿದ ವಿದುಷಿ. ಅಂಥ ಮನೆಯಲ್ಲಿಯೂ ಕೆಲಸದಾಕೆ ಹಾಡು ಕಟ್ಟಬಲ್ಲರೆಂಬುದು ಕೆಲಕಾಲ ಯಾರಿಗೂ ತಿಳಿದಿರಲಿಲ್ಲ. ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಅವರು ನುಡಿಸಿದಾಗಲೇ ಅದು ಬೆಳಕಿಗೆ ಬಂದಿತು.

ಆ ಮನೆಯ ಮಗಳು ಪೆಗ್ಗಿ ಸೀಗರ್ ಮೂಲಕ ‘ಫ್ರೇಟ್ ಟ್ರೇನ್’ ಇಂಗ್ಲೆಂಡನ್ನು ತಲುಪಿತು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ತಂಡದ ಧ್ವನಿಮುದ್ರಿಕೆಯಿಂದ ಅಲ್ಲಿ ಜನಪ್ರಿಯವೂ ಆಯಿತು. ಆದರೆ ರಚನೆಯ ಹಕ್ಕು ಬೇರೆಯವರ ಹೆಸರಿನಲ್ಲಿ ದಾಖಲಾಗಿತ್ತು. ಕರ್ತೃವಿಲ್ಲವೆಂದು ಭಾವಿಸಲಾದ ಹಾಡಿಗೆ ಹೊಸ ಕರ್ತೃಗಳು ಹುಟ್ಟಿಕೊಳ್ಳುವುದು ಸುಲಭ. ನಂತರದ ಪ್ರಯತ್ನಗಳಿಂದಷ್ಟೇ ಕಾಟನ್ ಅವರಿಗೂ ಅದರಲ್ಲಿ ಪಾಲು ದೊರೆಯಿತು.

ಈ ಹಿನ್ನೆಲೆಯಲ್ಲಿ ಮೈಕ್ ಸೀಗರ್ ಅವರು ಕಾಟನ್ ಅವರ ಮನೆಯಲ್ಲಿಯೇ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿಕೊಂಡು, 1958ರಲ್ಲಿ ಫೋಕ್‌ವೇಸ್ ಸಂಸ್ಥೆ ಪ್ರಕಟಿಸಿದ ಹಾಡುಗಳಿಗೆ ವಿಶೇಷ ಮಹತ್ತ್ವವಿದೆ. ಇಲ್ಲಿ ಸ್ಟುಡಿಯೋದ ನಯವಿಲ್ಲ, ಪಕ್ಕವಾದ್ಯಗಳ ಮೇಳವಿಲ್ಲ. ಆದರೆ ಅಕ್ಷರ ಹಿಡಿದಿಡಲಾರದ ಅವರ ಬೆರಳಿನ ನಡೆ ಮತ್ತು ದನಿಯ ಸಹಜತೆ ಇಲ್ಲಿ ಉಳಿದಿವೆ. ಈ ಧ್ವನಿಮುದ್ರಣವು ಹಾಡಿನೊಡನೆ ಅದರ ಒಡತಿಯನ್ನೂ ದಾಖಲಿಸಿತು.

ವ್ಯಕ್ತಿಯ ರಚನೆಗೂ ಸಮುದಾಯದ ಪರಂಪರೆಗೂ ವಿರೋಧವಿಲ್ಲ. ಮರಿಮೊಮ್ಮಕ್ಕಳೊಡನೆ ಕೂಡಿ ಕಾಟನ್ ಕಟ್ಟಿದ ‘ಶೇಕ್ ಶುಗರೀ’ ಇದಕ್ಕೆ ಸಾಕ್ಷಿ. ಅವರಿಗೆ ಗ್ರ್ಯಾಮಿ ಪ್ರಶಸ್ತಿ ಸಂದದ್ದು 1985ರಲ್ಲಿ. 1987ರಲ್ಲಿ ಅವರು ನಿಧನರಾದರು. ಹಾಡಿನ ಜೊತೆಗೆ ಹಾಡಿದವರ ಹೆಸರು, ಅದು ಹುಟ್ಟಿದ ಸಂದರ್ಭಗಳನ್ನೂ ದಾಖಲಿಸುವುದು ಸಂಗ್ರಾಹಕನ ಸೌಜನ್ಯವಲ್ಲ, ಕರ್ತವ್ಯ ಎಂಬುದನ್ನು ಈ ಬದುಕು ಮನಗಾಣಿಸುತ್ತದೆ.