ಘಟ್ಟದ ಮೇಲಿನ ಮಳೆ, ಕಡಲಂಚಿನ ನೆರೆ

ಮೇಗರವಳ್ಳಿಯ ಮಾಡಿನಿಂದ ಇಳಿಯುವ ಮಳೆನೀರು ಅರಬ್ಬಿ ಸಮುದ್ರ ಸೇರುವುದಿಲ್ಲ. ಹಕ್ಕಿ ಹಾರುವ ದಾರಿಯಲ್ಲಿ ಲೆಕ್ಕ ಹಾಕಿದರೆ ಕಡಲು ಅಲ್ಲಿಂದ ಪಡುವಣಕ್ಕೆ ಸುಮಾರು 50 ಕಿ.ಮೀ. ಅಷ್ಟೇ. ಆದರೂ ಆ ನೀರು ಬೆನ್ನು ತಿರುಗಿಸಿ ಮೂಡಣಕ್ಕೆ ಹೊರಡುತ್ತದೆ. ಮಾಲತಿ ಹೊಳೆ, ಅಲ್ಲಿಂದ ತುಂಗೆ, ತುಂಗಭದ್ರೆ, ಕೃಷ್ಣೆ ಎಂದು ಅರ್ಧ ದಕ್ಷಿಣ ಭಾರತವನ್ನು ಸುತ್ತಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋಗಿ ಆಗುಂಬೆಯ ನೆತ್ತಿ ದಾಟಿದರೆ ಕಥೆಯೇ ಬೇರೆ. ಅಲ್ಲಿಯ ಕಾಡಿನ ಪಡುಮಗ್ಗುಲಲ್ಲಿ ಸುರಿದ ಮಳೆ ಸೀತಾನದಿಯಾಗಿ ಹೆಬ್ರಿಯ ಸೀಮೆಗೆ ಧುಮುಕಿ, ಬಾರ್ಕೂರಿನ ಮಗ್ಗುಲಲ್ಲಿ ಹಾದು, ಸ್ವರ್ಣಾ ನದಿಯ ಜೊತೆಗೂಡಿ ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುತ್ತದೆ.

ಕರಾವಳಿಯ ನೆರೆಗಳ ಇತಿಹಾಸವನ್ನು ಹುಡುಕುವವರು ಹೆಚ್ಚಾಗಿ ಕಡಲಂಚಿನಲ್ಲೇ ನಿಂತುಬಿಡುತ್ತಾರೆ. ಎಷ್ಟು ಮನೆ ಬಿತ್ತು, ಎಷ್ಟು ಗದ್ದೆ ಹೋಯಿತು, ದೋಣಿ ಎಲ್ಲಿಯವರೆಗೆ ಬಂತು ಎಂಬುದು ಅಲ್ಲಿ ಸಿಗುತ್ತದೆ. ಆ ನೀರು ಏಕೆ ಬಂತು ಎಂಬುದರ ಅರ್ಧ ಉತ್ತರ ಮಾತ್ರ ಘಟ್ಟದ ಮೇಲಿದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಮೂಲಕ ಮೇಗರವಳ್ಳಿಯ ಹೆಸರು ಬಲ್ಲ ಓದುಗರಿಗೆ ಆ ಸೀಮೆಯ ಮಳೆಯನ್ನು ಬೇರೆಯಾಗಿ ವರ್ಣಿಸಬೇಕಿಲ್ಲ.

ಆಗುಂಬೆಯ ವಾರ್ಷಿಕ ಸರಾಸರಿ ಮಳೆ ಏಳೂವರೆ ಸಾವಿರ ಮಿ.ಮೀ. ಆಸುಪಾಸು. ಹಳಬರ ಲೆಕ್ಕದಲ್ಲಿ ಸುಮಾರು 300 ಅಂಗುಲ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿ.ಮೀ. ಮಳೆ ದಾಖಲಾಗಿದೆ. ಆದರೆ ತಿಂಗಳ ಮೊತ್ತದಿಂದಲೇ ನೆರೆ ಹುಟ್ಟುವುದಿಲ್ಲ. ಪಡುವಣಕ್ಕೆ ಹರಿಯುವ ಹೊಳೆಗಳು ಗಿಡ್ಡ, ಕಡಿದಾದವು. ಆಗುಂಬೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ. ಘಾಟಿಯ ಬುಡದ ಸೋಮೇಶ್ವರಕ್ಕೆ ಬರುವಷ್ಟರಲ್ಲಿ ಆ ಎತ್ತರದ ಬಹುಪಾಲು ಮುಗಿದಿರುತ್ತದೆ. ಬೆಳಗಿನ ಜಾವ ಘಟ್ಟದಲ್ಲಿ ಬಿದ್ದ ಮಳೆ ಅದೇ ದಿನ ಕೆಳಗಿನ ಬೈಲಿಗೆ ಬಂದು ನಿಲ್ಲಬಲ್ಲದು. ಇಲ್ಲಿ ಬೇಕಾಗಿರುವುದು ಗಂಟೆಗಳ ಲೆಕ್ಕ. ಹಳೆಯ ಮಳೆಮಾಪನ ಕೊಡುವುದು ದಿನದ ಲೆಕ್ಕ. ಬೆಳಿಗ್ಗೆ 8.30ಕ್ಕೆ ಅಳೆದದ್ದು ಹಿಂದಿನ 24 ಗಂಟೆಗಳ ಮಳೆ. 200 ಮಿ.ಮೀ. ಎಂದು ಪುಸ್ತಕದಲ್ಲಿ ಬರೆದಿದ್ದರೆ ಅದು ಹಗಲೂ ರಾತ್ರಿ ಸಮನಾಗಿ ಸುರಿದದ್ದೋ, ನಾಲ್ಕೇ ಗಂಟೆಯಲ್ಲಿ ಮುಗಿದದ್ದೋ ಎಂದು ಈಗ ಹೇಳುವವರು ಯಾರು?

ಕರಾವಳಿಯಲ್ಲಿ ಎರಡು ನೆರೆಗಳ ಹೆಸರು ಹಿರಿಯರ ಬಾಯಲ್ಲಿ ಉಳಿದಿದೆ. ಮೊದಲನೆಯದು 1923ರ ಆಗಸ್ಟ್‌ನ ಮೊದಲ ಭಾಗದ ನೆರೆ. ನೇತ್ರಾವತಿ ಉಕ್ಕಿ ಉಪ್ಪಿನಂಗಡಿ, ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿತು. ತುಳುವಿನಲ್ಲಿ ನೆರೆಗೆ ‘ಬೊಳ್ಳ’ ಎನ್ನುತ್ತಾರೆ; ಈ ನೆರೆಗೆ ‘ಮಾರಿ ಬೊಳ್ಳ’ ಎಂಬ ಹೆಸರೇ ಬಿತ್ತು. ಎರಡನೆಯದು 1974ರ ಜುಲೈ ಕೊನೆಯ ವಾರದ್ದು. ಆಗಲೂ ಬಂಟ್ವಾಳ ಪೇಟೆ ಮುಳುಗಿತು. ಅಲ್ಲಿಂದೀಚೆಗೆ ಬಂಟ್ವಾಳದಲ್ಲಿ ನೀರು ಏರಿದಾಗಲೆಲ್ಲ ‘ಎಪ್ಪತ್ತನಾಲ್ಕರಷ್ಟು ಬಂತೇ?’ ಎಂಬುದೇ ಮೊದಲ ಪ್ರಶ್ನೆ. 2019ರ ಆಗಸ್ಟ್‌ನಲ್ಲಿ ಕೇಳಿಬಂದದ್ದೂ ಅದೇ.

ಇಂಥ ನೆನಪಿನಿಂದ ದಿನಾಂಕ ಬಿಡಿಸುವುದು ಸುಲಭವಲ್ಲ. ಹಳ್ಳಿಯ ಹಿರಿಯರು ಇಸವಿ ಹೇಳುವುದು ಕಡಿಮೆ. ಸಂವತ್ಸರ ಹೇಳುತ್ತಾರೆ, ಮಳೆ ನಕ್ಷತ್ರ ಹೇಳುತ್ತಾರೆ, ಮನೆಯಲ್ಲಿ ಯಾರು ಬಸುರಿಯಾಗಿದ್ದರು ಎಂದು ಹೇಳುತ್ತಾರೆ. 1923 ರುಧಿರೋದ್ಗಾರಿ ಸಂವತ್ಸರ. 1974 ಆನಂದ ಸಂವತ್ಸರ, ಹೆಸರಿಗೂ ನಡೆದದ್ದಕ್ಕೂ ಸಂಬಂಧವಿಲ್ಲ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ರುಧಿರೋದ್ಗಾರಿಯ ನೆರೆ ಎಂದಷ್ಟೇ ಬರೆದ ಹಳೆಯ ಕಾಗದ ಸಿಕ್ಕಿದರೆ ಅದು 1863ರದೂ ಆಗಿರಬಹುದು, 1923ರದೂ ಆಗಿರಬಹುದು. ನಕ್ಷತ್ರ ಇದಕ್ಕಿಂತ ಹೆಚ್ಚು ಉಪಕಾರಿ. ಪುಷ್ಯ ಮಳೆ ಎಂದರೆ ಜುಲೈ 20ರಿಂದ ಆಗಸ್ಟ್ ಆರಂಭದವರೆಗೆ. ಆಶ್ಲೇಷ ಎಂದರೆ ಅಲ್ಲಿಂದ ಮುಂದಿನ ಎರಡು ವಾರ. ಹೆಚ್ಚೆಂದರೆ ಹದಿನಾಲ್ಕು ದಿನದೊಳಗೆ ಘಟನೆಯನ್ನು ಹಿಡಿದು ನಿಲ್ಲಿಸುತ್ತದೆ. ಎರಡೂ ದೊಡ್ಡ ನೆರೆಗಳು ಬಂದದ್ದು ತುಳುವರ ಆಟಿ ತಿಂಗಳಿನಲ್ಲಿ ಎಂಬುದೂ ಹೀಗೆಯೇ ಹೊಂದುತ್ತದೆ.

ಇನ್ನೊಂದು ತೊಡಕಿದೆ. 1923ರ ಮರುವರ್ಷವೇ, 1924ರ ಜುಲೈನಲ್ಲಿ, ಕೇರಳದ ಮಹಾಪ್ರವಾಹ ಬಂತು. ಕಾವೇರಿಯೂ ಅದೇ ಸಮಯದಲ್ಲಿ ಉಕ್ಕಿತು. ಒಂದೇ ವರ್ಷದ ಅಂತರದ ಎರಡು ನೆರೆಗಳು ಮೊಮ್ಮಕ್ಕಳ ಬಾಯಿಗೆ ಬರುವಷ್ಟರಲ್ಲಿ ಒಂದೇ ಆಗಿಬಿಡುವುದು ಸಹಜ. ಮಲಯಾಳಿಗಳು ಈ ವಿಷಯದಲ್ಲಿ ಅದೃಷ್ಟವಂತರು. ಕೊಲ್ಲಂ ಶಕೆ 1099ರಲ್ಲಿ ನಡೆದದ್ದರಿಂದ ಅವರು ಅದನ್ನು ‘ತೊಂಬತ್ತೊಂಬತ್ತರ ಪ್ರವಾಹ’ ಎಂದೇ ಕರೆದರು. ಹೆಸರಿನೊಳಗೇ ಇಸವಿ ಕೂತುಬಿಟ್ಟಿತು. ಮುನ್ನಾರಿನ ಪುಟ್ಟ ರೈಲುಮಾರ್ಗ ಕೊಚ್ಚಿಹೋದ ಕಥೆಯೂ ಅದರೊಂದಿಗೆ ಉಳಿಯಿತು. 2018ರಲ್ಲಿ ಕೇರಳ ಮತ್ತೆ ಮುಳುಗಿದಾಗ ಹೋಲಿಸಲು ಒಂದು ಆಧಾರ ಅವರ ಕೈಯಲ್ಲಿತ್ತು.

ಕನ್ನಡ ಕರಾವಳಿಯ ಕಷ್ಟಕ್ಕೆ ರಾಜಕೀಯ ಕಾರಣವೂ ಉಂಟು. 1923ರಲ್ಲಿ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. ಉತ್ತರ ಕನ್ನಡ 1862ರಲ್ಲೇ ಮುಂಬಯಿ ಪ್ರಾಂತ್ಯಕ್ಕೆ ಹೋಗಿತ್ತು. ತೀರ್ಥಹಳ್ಳಿ, ಸಾಗರ, ಹೊಸನಗರದ ಸೀಮೆ ಮೈಸೂರು ಮಹಾರಾಜರ ಆಡಳಿತದಲ್ಲಿತ್ತು. ಮಳೆ ಬೀಳುವುದು ಒಂದು ಸರ್ಕಾರದಲ್ಲಿ, ನೆರೆ ಬರುವುದು ಇನ್ನೊಂದು ಸರ್ಕಾರದಲ್ಲಿ! ಮಳೆ ಅಳೆದ ಕಾಗದ ಬೆಂಗಳೂರಿನತ್ತ ಹೋದರೆ, ಬಿದ್ದ ಮನೆಗಳ ಪಟ್ಟಿ ಮದರಾಸಿನತ್ತ, ಕಾರವಾರದ ವರದಿ ಮುಂಬಯಿಯತ್ತ. 1956ರಲ್ಲಿ ಈ ಪ್ರದೇಶಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದವು. ಹಿಂದಿನ ಕಾಗದಗಳು ಹಾಗೆ ಸೇರಿಕೊಳ್ಳಲಿಲ್ಲ. ಕೆಳದಿಯ ನಾಯಕರ ಕಾಲದಲ್ಲಾದರೋ ಘಟ್ಟದ ಮೇಲೂ ಕೆಳಗೂ ಒಂದೇ ಆಳ್ವಿಕೆ ಇತ್ತು; ಬಿದನೂರಿನಲ್ಲಿ ಕುಳಿತವರಿಗೆ ಮಳೆಯೂ ಗೊತ್ತಾಗುತ್ತಿತ್ತು, ಬಂದರಿನ ಸುದ್ದಿಯೂ ತಲುಪುತ್ತಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಆ ನಾಯಕರ ಕಾಲ ಮುಗಿಯಿತು.

ಕಾಗದ ಇಲ್ಲದೆಡೆ ಕಲ್ಲು ಕೆಲಸಕ್ಕೆ ಬರುತ್ತದೆ. ತೀರ್ಥಹಳ್ಳಿಯಲ್ಲಿ ತುಂಗೆಯ ನಡುವಿನ ರಾಮಮಂಟಪ ಮುಳುಗಿತೇ ಎಂದು ಕೇಳುವುದು ಮಳೆಗಾಲದ ವಾಡಿಕೆ. ಶಿವಮೊಗ್ಗದವರಿಗೆ ಕೋರ್ಪಲಯ್ಯನ ಮಂಟಪ, ಶೃಂಗೇರಿಯವರಿಗೆ ಕಪ್ಪೆ ಶಂಕರ. ಘಟ್ಟದ ಕೆಳಗೆ ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಕುಮಾರಧಾರೆಗಳ ನೀರು ಏರಿ ಸಹಸ್ರಲಿಂಗೇಶ್ವರ ದೇವಸ್ಥಾನದ ಮುಂದೆ ಪರಸ್ಪರ ಕೂಡಿಕೊಂಡರೆ ‘ಸಂಗಮವಾಯಿತು’ ಎಂದು ಪೂಜೆ ಸಲ್ಲಿಸುತ್ತಾರೆ. ಭಕ್ತರಿಗೆ ಅದು ಪುಣ್ಯದ ಗಳಿಗೆ. ಜಲವಿಜ್ಞಾನದ ಕಣ್ಣಿಗೆ ಅದೊಂದು ನಿಶ್ಚಿತ ಮಟ್ಟ. ಕಲ್ಲಿನ ಜಾಗ ಬದಲಾಗಿಲ್ಲ, ಅದರ ಎತ್ತರವನ್ನು ಇಂದೇ ಅಳೆಯಬಹುದು. ಯಾವ ಯಾವ ವರ್ಷ ನೀರು ಅಲ್ಲಿಗೆ ಮುಟ್ಟಿತು ಎಂಬ ತಾರೀಕುಗಳನ್ನು ಸಾಲಾಗಿ ಬರೆದರೆ ಅದೇ ಒಂದು ನೆರೆ ಪುಸ್ತಕ. ಈಜಿಪ್ಟಿನವರು ಕೈರೋದ ರೋಡಾ ದ್ವೀಪದಲ್ಲಿ ನೈಲ್ ನದಿಯ ಮಟ್ಟ ನೋಡಲು ಗುರುತು ಕೊರೆದ ಕಂಬ ನಿಲ್ಲಿಸಿದ್ದರು. ಜರ್ಮನಿಯ ಪಸ್ಸಾವ್ ಪಟ್ಟಣದ ಪುರಭವನದ ಗೋಡೆಯಲ್ಲಿ 1501ರ ನೆರೆಯ ಗುರುತೂ ಇದೆ, 2013ರದೂ ಇದೆ. ಮಂಟಪ ಕಟ್ಟಿದ ಮಲೆನಾಡಿಗರು ಇಸವಿ ಕೊರೆಯುವುದೊಂದನ್ನು ಬಿಟ್ಟರು.

ತುಂಗೆಯ ಈ ಗುರುತುಗಳಿಂದ ಕರಾವಳಿಗೇನು ಪ್ರಯೋಜನ ಎಂದು ಕೇಳಬಹುದು. ತುಂಗೆ, ಭದ್ರೆ, ನೇತ್ರಾವತಿ ಮೂರಕ್ಕೂ ಕುದುರೆಮುಖ ಸೀಮೆಯ ಗಂಗಾಮೂಲವೇ ತವರು ಎಂಬುದು ವಾಡಿಕೆಯ ಮಾತು. ಒಂದೇ ಮೋಡ ಬೆಟ್ಟದ ಎರಡೂ ಮಗ್ಗುಲಿಗೆ ಸುರಿಯುತ್ತದೆ. 2019ರ ಆಗಸ್ಟ್ ಎರಡನೇ ವಾರದಲ್ಲಿ ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ ದಿನಗಳಲ್ಲೇ ನೇತ್ರಾವತಿ ಬಂಟ್ವಾಳದ ತಗ್ಗು ಪ್ರದೇಶಕ್ಕೆ ನುಗ್ಗಿತು. ಹೀಗಿರುವಾಗ ಕರಾವಳಿಯ ಯಾವುದೋ ಹಳೆಯ ನೆರೆಯ ವರ್ಷ ಅನುಮಾನವಾದರೆ ಮೂಡುಮಗ್ಗುಲಿನ ಸಾಕ್ಷಿ ಕೇಳಬಹುದು. ಆ ವರ್ಷ ತೀರ್ಥಹಳ್ಳಿಯಲ್ಲಿ ಹೊಳೆ ಏರಿತ್ತೇ? ಎರಡೂ ಕಡೆಯ ಮಾತು ಕೂಡಿದರೆ ನಂಬಿಕೆ ಹೆಚ್ಚುತ್ತದೆ. ಕೂಡದಿದ್ದರೆ ಮಳೆ ಘಟ್ಟದಲ್ಲಲ್ಲ, ಕೆಳಗಿನ ಬಯಲಿನಲ್ಲೇ ಸುರಿದಿರಬೇಕು.

ಅದಕ್ಕೂ ಉದಾಹರಣೆ ಇದೆ. 2020ರ ಸೆಪ್ಟೆಂಬರ್ 20ರ ಉಡುಪಿಯ ನೆರೆ. ಆಟಿಯೂ ಅಲ್ಲ, ಆಶ್ಲೇಷವೂ ಅಲ್ಲ. ಉತ್ತರೆ ಮಳೆ, ಮಳೆಗಾಲ ಮುಗಿಯಿತೆಂದು ಜನ ಕೊಡೆ ಮಡಿಸುವ ಹೊತ್ತು. ಒಂದೇ ದಿನದಲ್ಲಿ 300 ಮಿ.ಮೀ.ಗೂ ಹೆಚ್ಚು ಮಳೆ ಸುರಿದು ಸ್ವರ್ಣಾ, ಸೀತಾ ನದಿಗಳು ಉಕ್ಕಿದವು. ಕಲ್ಸಂಕ, ಬನ್ನಂಜೆಯಂಥ ಪೇಟೆಯ ಭಾಗಗಳಲ್ಲೇ ನೀರು ನಿಂತಿತು. ಪಂಚಾಂಗ ತೆರೆದು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಸೆಪ್ಟೆಂಬರ್ 17 ಮಹಾಲಯ ಅಮಾವಾಸ್ಯೆ. ಅಮಾವಾಸ್ಯೆ, ಹುಣ್ಣಿಮೆಗಳ ಬೆನ್ನಿಗೆ ಎರಡು ಮೂರು ದಿನ ಕಡಲಿನ ಭರತ ಜೋರು. ಹೊಳೆ ತುಂಬಿ ಬಂದಾಗ ಅಳಿವೆಯಲ್ಲಿ ಕಡಲೂ ಏರಿದ್ದರೆ ನೀರಿಗೆ ಹೊರಬೀಳಲು ದಾರಿಯಿಲ್ಲ. ಇಳಿತ ಆರಂಭವಾಗುವ ತನಕ ಅದು ಹಿಂದಕ್ಕೆ ಹರಡಿ ಕುದ್ರುಗಳನ್ನೂ ಬೈಲುಗಳನ್ನೂ ತುಂಬುತ್ತದೆ. ಮೀನುಗಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಳೆಯ ನೆರೆಯ ತಿಥಿ ಸಿಕ್ಕರೆ ಅಂದಿನ ಭರತ ಎಷ್ಟಿತ್ತೆಂದು ಅಂದಾಜು ಮಾಡಬಹುದು. ಹೀಗಾಗಿ ‘ಅಷ್ಟಮಿಯ ಮರುದಿನ ನೀರು ಬಂತು’ ಎಂಬ ಅಜ್ಜಿಯ ಮಾತನ್ನು ತಳ್ಳಿಹಾಕುವಂತಿಲ್ಲ.

ಹೊಳೆಯದಲ್ಲದ ನೆರೆಯೂ ಉಂಟು. 1945ರ ನವೆಂಬರ್ 28ರಂದು ಮಕ್ರಾನ್ ಕರಾವಳಿಯಲ್ಲಿ ಭೂಕಂಪವಾಗಿ ಎದ್ದ ಸುನಾಮಿ ಮುಂಬಯಿಗೆ ಬಡಿಯಿತು. ಕಾರವಾರದವರೆಗೂ ಅದು ಕಂಡುಬಂದಿತ್ತೆಂದು ದಾಖಲೆಗಳು ಹೇಳುತ್ತವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಅಲೆಗಳು ಕಡಲಂಚಿನ ರಸ್ತೆ, ಮನೆಗಳನ್ನು ಹೊಡೆದವು. ಇವನ್ನೆಲ್ಲ ‘ನೀರು ಬಂತು’ ಎಂಬ ಒಂದೇ ಮಾತಿನಲ್ಲಿ ಹೇಳಿದರೆ ಕಾರಣ ಕಳೆದುಹೋಗುತ್ತದೆ. ನೀರು ಉಪ್ಪಾಗಿತ್ತೇ, ಕೆಂಪು ಕೆಸರಾಗಿತ್ತೇ, ಯಾವ ದಿಕ್ಕಿನಿಂದ ಏರಿತು ಎಂದು ಕೇಳಿದರೆ ಸಾಕು, ಅರ್ಧ ಗೊಂದಲ ಪರಿಹಾರ.

ಅಣೆಕಟ್ಟುಗಳು ಬಂದ ಮೇಲೆ ಲೆಕ್ಕ ಇನ್ನಷ್ಟು ಬದಲಾಯಿತು. ಸಾಗರ ತಾಲ್ಲೂಕಿನ ಲಿಂಗನಮಕ್ಕಿ 1964ರಿಂದ ಶರಾವತಿಯನ್ನು ಹಿಡಿದಿಟ್ಟಿದೆ. ಹೊನ್ನಾವರದ ಹೊಳೆಸಾಲಿನವರು ಆಕಾಶ ನೋಡುವಷ್ಟೇ ಆಸಕ್ತಿಯಿಂದ ಜಲಾಶಯದ ಮಟ್ಟ 1,819 ಅಡಿಗೆ ಎಷ್ಟು ಕಡಿಮೆ ಇದೆ ಎಂದು ವಿಚಾರಿಸುತ್ತಾರೆ. 1964ಕ್ಕೆ ಹಿಂದಿನ ಶರಾವತಿ ನೆರೆಯನ್ನೂ ಅನಂತರದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ವರಾಹಿಗೆ ಹೊಸನಗರ ಸೀಮೆಯ ಮಾಣಿ ಅಣೆಕಟ್ಟು ಬಂದ ಮೇಲೆ ಕುಂದಾಪುರದ ಕಡೆಗೂ ಇದೇ ಮಾತು ಅನ್ವಯ.

ಇಷ್ಟೆಲ್ಲ ಹಳೆಯದನ್ನು ಕೆದಕುವುದು ಏಕೆಂಬುದಕ್ಕೆ ಉತ್ತರ ತುಳುನಾಡಿನ ಜಮೀನಿನ ಹೆಸರುಗಳಲ್ಲೇ ಇದೆ. ಬೈಲು, ಮಜಲು, ಬೆಟ್ಟು. ತೀರಾ ತಗ್ಗಿನ, ನೀರು ನಿಲ್ಲುವ ಗದ್ದೆ ಬೈಲು, ಅದಕ್ಕಿಂತ ಮೇಲಿನದು ಮಜಲು, ಎತ್ತರದ್ದು ಬೆಟ್ಟು. ಹಿಂದಿನವರು ಬೈಲಿನಲ್ಲಿ ಬೆಳೆದರು, ಮನೆಯನ್ನು ಮಾತ್ರ ಮೇಲಕ್ಕೆ ಕಟ್ಟಿದರು. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ನೆರೆಗೂ ಜಗ್ಗದ ಕಗ್ಗ ಭತ್ತವನ್ನೇ ಬಿತ್ತಿದರು. ಅವರ ಬಳಿ ನಕ್ಷೆ ಇರಲಿಲ್ಲ, ನೆನಪಿತ್ತು. ಈಗ ನಕ್ಷೆ ಇದೆ. ಆದರೆ ಮಣ್ಣು ತುಂಬಿಸಿದ ಬೈಲಿನ ಮೇಲೆ ಮನೆ, ಅಂಗಡಿ, ಕಲ್ಯಾಣ ಮಂಟಪ ಏಳುತ್ತಿವೆ. ನಿವೇಶನ ಕೊಳ್ಳುವವನಿಗೆ ಅಲ್ಲಿ 1974ರಲ್ಲಿ ಎಷ್ಟು ಅಡಿ ನೀರಿತ್ತು ಎಂದು ಹೇಳುವ ಪತ್ರ ಕ್ರಯಪತ್ರದ ಜೊತೆಗೆ ಬರುವುದಿಲ್ಲ.

ಮಳೆಯ ಮಟ್ಟಿಗೆ ಪರಿಸ್ಥಿತಿ ಸುಧಾರಿಸಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇರಿಸಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸಬಲ್ಲವು. ಘಟ್ಟದಲ್ಲಿ ಯಾವ ಗಂಟೆಗೆ ಎಷ್ಟು ಸುರಿಯಿತೆಂಬುದು ಇನ್ನು ಮುಂದೆ ಕಳೆದುಹೋಗಲಿಕ್ಕಿಲ್ಲ. ಕಳೆದುಹೋಗುತ್ತಿರುವುದು ಹಿಂದಿನದು. 1974ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ನೀರು ಮನೆಯ ಯಾವ ಮೆಟ್ಟಿಲಿಗೆ ಬಂದಿತ್ತು, ಹೊಸ್ತಿಲಿಗೋ, ಕಿಟಕಿಯ ದಾಸೆಗೋ, ಅಟ್ಟಕ್ಕೋ ಎಂದು ಬೆರಳಿಟ್ಟು ತೋರಿಸಬಲ್ಲವರು ಅವರು. ಆ ಮನೆ ಇನ್ನೂ ನಿಂತಿದ್ದರೆ, ಅಲ್ಲಿಂದ ಸಮುದ್ರ ಮಟ್ಟದ ಎತ್ತರ ತೆಗೆಯಲು ಒಬ್ಬ ಸರ್ವೇಯರಿಗೆ ಒಂದು ಬೆಳಗು ಸಾಕು. ಹಂಚಿನ ಮನೆ ಕೆಡವಿ ತಾರಸಿ ಕಟ್ಟಿದ ಮೇಲೆ ಹೊಸ್ತಿಲೂ ಇಲ್ಲ, ಅಟ್ಟವೂ ಇಲ್ಲ.