ಮೌನದ ಕರಾರು ಮತ್ತು ಮಗುವಿನ ಮಾತು: ಒಂದು ಕಾನೂನಿನ ಚರಿತ್ರೆ

ವಿಜಯಪುರ ನಗರದ ಮಗ್ಗುಲಲ್ಲಿರುವ ತೊರವಿಯು ನರಸಿಂಹ ದೇವಾಲಯದಿಂದಲೂ ಕುಮಾರ ವಾಲ್ಮೀಕಿಯ ರಾಮಾಯಣದಿಂದಲೂ ಹೆಸರಾದ ಊರು. ಇಂದು ಅಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಹೆಣ್ಣುಮಕ್ಕಳ ವಿದ್ಯೆಗೆ ನೆಲೆಯಾದ ಈ ಊರು ತೊಂಬತ್ತು ವರ್ಷಗಳ ಹಿಂದೆ ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಆ ಪ್ರಾಂತ್ಯವು 1934ರಲ್ಲಿ ದೇವದಾಸಿಯರ ಸಂರಕ್ಷಣಾ ಕಾಯ್ದೆಯನ್ನು ತಂದಿತು. ಮುತ್ತು ಕಟ್ಟಿ ಹೆಣ್ಣನ್ನು ದೇವರಿಗೆ ಬಿಡುವುದು, ಅವಳ ಒಪ್ಪಿಗೆ ಇದ್ದರೂ ಇಲ್ಲದಿದ್ದರೂ, ಕಾನೂನುಬಾಹಿರವೆಂದು ಅದು ಸಾರಿತು. ಕರ್ನಾಟಕದ 1982ರ ಕಾಯ್ದೆಯೂ ಇದೇ ತತ್ತ್ವವನ್ನು ಎತ್ತಿಹಿಡಿಯಿತು.

ಈ ಕಾಯ್ದೆಗಳನ್ನು ನಾವು ಮೊದಲಿಗೆ ನೆನೆಯುವುದಕ್ಕೆ ಕಾರಣವಿದೆ. ಮನೆಯವರು, ಹಿರಿಯರು, ಊರಿನವರು ಕೂಡಿ ಒಪ್ಪಿದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗದು ಎಂಬ ತಿಳಿವು ನಮ್ಮ ಸೀಮೆಗೆ ಹೊರಗಿನಿಂದ ನಿನ್ನೆ ಮೊನ್ನೆ ಬಂದುದಲ್ಲ. ಅದೇ ತಿಳಿವು ಇನ್ನೊಂದು ಬಗೆಯ ಒಪ್ಪಂದಕ್ಕೆ, ಎಂದರೆ ಲೈಂಗಿಕ ದೌರ್ಜನ್ಯಕ್ಕೆ ತುತ್ತಾದ ಮಗುವಿನ ಬಾಯಿ ಕಟ್ಟುವ ಒಪ್ಪಂದಕ್ಕೆ, ಹೇಗೆ ಅನ್ವಯವಾಗುತ್ತ ಬಂದಿತೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಇಂಥ ಒಪ್ಪಂದಕ್ಕೆ ನಮ್ಮಲ್ಲಿ 'ರಾಜಿ' ಎಂಬ ಸೌಮ್ಯವಾದ ಹೆಸರಿದೆ. ಮಗುವಿನ ಭವಿಷ್ಯ, ಮನೆತನದ ಮಾನ, ಸಂಸ್ಥೆಯ ಹೆಸರು ಎಂಬ ಮಾತುಗಳ ನಡುವೆ ಹಣವೋ ಆಣೆಯೋ ಕೈಬದಲಾಗುತ್ತದೆ. ಕಾನೂನು ಇದನ್ನು ಬಹುಕಾಲದಿಂದ ಸಂಶಯದಿಂದಲೇ ಕಂಡಿದೆ. 1872ರ ಭಾರತೀಯ ಕರಾರು ಕಾಯ್ದೆಯ 23ನೆಯ ಪ್ರಕರಣವು ಒಂದು ಉದಾಹರಣೆ ಕೊಡುತ್ತದೆ: ಸುಲಿಗೆ ಮಾಡಿದವನು ಸೊತ್ತಿನ ಬೆಲೆಯನ್ನು ಹಿಂದಿರುಗಿಸುವುದಾಗಿಯೂ, ಕಳೆದುಕೊಂಡವನು ಮೊಕದ್ದಮೆಯನ್ನು ಕೈಬಿಡುವುದಾಗಿಯೂ ಮಾತಾಡಿಕೊಂಡರೆ ಆ ಕರಾರು ಶೂನ್ಯ. ಅಪ್ರಾಪ್ತ ವಯಸ್ಕರು ಮಾಡಿಕೊಂಡ ಕರಾರು ಮೊದಲಿನಿಂದಲೇ ಶೂನ್ಯವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ ಮೋಹರಿ ಬೀಬಿ ಪ್ರಕರಣದಲ್ಲಿ ತೀರ್ಪಿತ್ತಿತು. ಕಳೆದುಹೋದ ಸೊತ್ತಿನ ವಿಷಯದಲ್ಲೇ ಸಲ್ಲದ ಕರಾರು ಕಳೆದುಹೋದ ಬಾಲ್ಯದ ವಿಷಯದಲ್ಲಿ ಸಲ್ಲುವುದೆಂತು?

ಆದರೂ ಈ ತತ್ತ್ವವು ಮಕ್ಕಳ ಬಳಿಗೆ ಬರಲು ತಡವಾಯಿತು. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯ್ದೆಯು ಮೌನವನ್ನೇ ಅಪರಾಧವಾಗಿಸಿತು. ಅದರ 19ನೆಯ ಪ್ರಕರಣದಂತೆ ದೌರ್ಜನ್ಯ ನಡೆದಿದೆಯೆಂದು ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಬೇಕು. ತಿಳಿಸದವರಿಗೆ ಆರು ತಿಂಗಳವರೆಗೆ, ತನ್ನ ಅಧೀನದ ನೌಕರನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು 21ನೆಯ ಪ್ರಕರಣ ವಿಧಿಸುತ್ತದೆ. ಹೇಳದೆ ಉಳಿದ ಮಗುವಿಗೆ ಮಾತ್ರ ಶಿಕ್ಷೆಯಿಲ್ಲ. ಹೇಳುವ ಭಾರವನ್ನು ಕಾನೂನು ಹಿರಿಯರ ಹೆಗಲಿಗೆ ಹಾಕಿತು.

ಆ ಬಳಿಕವೂ ರಾಜಿಯ ಕಾಗದಗಳು ನ್ಯಾಯಾಲಯಕ್ಕೆ ಬರುತ್ತಲೇ ಇದ್ದವು. ರಾಜಸ್ಥಾನದಲ್ಲಿ ವಿದ್ಯಾರ್ಥಿನಿಯೊಬ್ಬಳ ಪರವಾಗಿ ಶಿಕ್ಷಕನ ಮೇಲೆ 2022ರಲ್ಲಿ ದೂರು ದಾಖಲಾಯಿತು. ತಪ್ಪು ತಿಳಿವಳಿಕೆಯಿಂದ ದೂರು ಕೊಟ್ಟೆವೆಂದು ಮನೆಯವರು ಛಾಪಾ ಕಾಗದದ ಮೇಲೆ ಬರೆದುಕೊಟ್ಟರು. ಹೈಕೋರ್ಟ್ ಪ್ರಕರಣವನ್ನು ರದ್ದುಪಡಿಸಿತು. ಆಗ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಮಗುವಿನ ಬಂಧುಗಳಲ್ಲ, ಪ್ರಕರಣಕ್ಕೆ ಹೊರಗಿನವರಾದ ಗ್ರಾಮಸ್ಥರು. 2024ರ ನವೆಂಬರ್ 7ರಂದು, ರಾಮ್‌ಜಿ ಲಾಲ್ ಬೈರ್ವಾ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಮಗುವಿನ ಮೇಲಿನ ಇಂಥ ಅಪರಾಧ ಸಮಾಜದ ಮೇಲಿನ ಅಪರಾಧ. ಇಬ್ಬರ ನಡುವಣ ರಾಜಿಯಿಂದ ಅದು ಅಳಿಯುವಂಥದ್ದಲ್ಲ.

ಇಷ್ಟನ್ನು ಹೇಳಿ ನಾವು ಧರ್ಮಸಭೆಯ ಚರಿತ್ರೆಯನ್ನು ಬದಿಗಿಟ್ಟರೆ ಪ್ರಾಮಾಣಿಕರಾಗುವುದಿಲ್ಲ. ಪವಿತ್ರ ಪೀಠವು 1922ರಲ್ಲಿ ಹೊರಡಿಸಿ 1962ರಲ್ಲಿ ಮತ್ತೆ ಕಳುಹಿಸಿದ 'ಕ್ರಿಮೆನ್ ಸೊಲ್ಲಿಚಿತಾತ್ಸಿಯೋನಿಸ್' ಎಂಬ ಸೂಚನೆಯಂತೆ, ನ್ಯಾಯಾಧೀಶರು ಮಾತ್ರವಲ್ಲದೆ ದೂರು ತಂದವರೂ ಸಾಕ್ಷಿಗಳೂ ಗೌಪ್ಯದ ಪ್ರಮಾಣ ಮಾಡಬೇಕಿತ್ತು. ಈ ಕಟ್ಟು ಸಡಿಲಗೊಂಡುದು 2019ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು 'ವೊಸ್ ಎಸ್ತಿಸ್ ಲುಕ್ಸ್ ಮುಂದಿ' ಶಾಸನದಲ್ಲಿ, ದೂರು ಕೊಟ್ಟವರ ಮೇಲೆ ಮೌನವನ್ನು ಹೇರುವಂತಿಲ್ಲವೆಂದು ವಿಧಿಸಿದರು. ಡಿಸೆಂಬರ್ 17ರಂದು ಪ್ರಕಟವಾದ ಆದೇಶವು ಇಂಥ ಪ್ರಕರಣಗಳಿಗೆ 'ಪೀಠದ ಗೌಪ್ಯ'ವನ್ನು ತೆಗೆದುಹಾಕಿತು. ನೊಂದವರನ್ನೂ ಸಾಕ್ಷಿಗಳನ್ನೂ ಮೌನದ ಬಾಧ್ಯತೆಯಿಂದ ಬಿಡಿಸಿತು. ಅಧಿಕಾರದ ಗೌಪ್ಯವು ನಾಡಿನ ಕಾನೂನಿನ ಪಾಲನೆಗೆ ಅಡ್ಡಿಯಾಗಬಾರದೆಂದಿತು. ಪಾಪನಿವೇದನೆಯ ಮುದ್ರೆ ಬೇರೆಯೇ ವಿಷಯ. ಅದು ಆ ಸಂಸ್ಕಾರದೊಳಗೆ ಕೇಳಿದ್ದಕ್ಕೆ ಮಾತ್ರ ಸಂಬಂಧಿಸಿದ್ದು. ಗುರುನಿವಾಸದಲ್ಲಿ, ಕಚೇರಿಯಲ್ಲಿ, ಶಾಲೆಯ ಅಂಗಳದಲ್ಲಿ ತಿಳಿದುದಕ್ಕೆ ಆ ಮುದ್ರೆಯ ನೆಪ ಒಡ್ಡಲಾಗದು.

ಇಲ್ಲೊಂದು ಆಕ್ಷೇಪ ಏಳಬಹುದು: ಪೋಕ್ಸೋ ಕಾಯ್ದೆಯೇ ಮಗುವಿನ ಗುರುತನ್ನು ಗುಟ್ಟಾಗಿಡಲು ಹೇಳುವುದಿಲ್ಲವೇ? ಹೇಳುತ್ತದೆ. 23 ಮತ್ತು 33ನೆಯ ಪ್ರಕರಣಗಳು ಅದಕ್ಕಾಗಿಯೇ ಇವೆ. ಆದರೆ ಆ ಗೌಪ್ಯ ಮಗುವಿನ ಸೊತ್ತು. ಸಂಸ್ಥೆಯು ಅದನ್ನು ಕಡ ತಂದು ತನ್ನ ಹೆಸರಿಗೆ ಹೊದಿಸಿಕೊಳ್ಳುವಂತಿಲ್ಲ. ಯಾರ ರಕ್ಷಣೆಗಾಗಿ ಈ ಮೌನ ಎಂಬ ಒಂದೇ ಪ್ರಶ್ನೆಯಿಂದ ಎರಡನ್ನೂ ಬೇರ್ಪಡಿಸಬಹುದು.

ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯ ಈ ಪ್ರಶ್ನೆಯನ್ನು ಎಂದೋ ಎತ್ತಿದೆ. ಅಮ್ನೋನನಿಂದ ಕೆಟ್ಟ ತಾಮಾರಳು ಬೂದಿ ಹಾಕಿಕೊಂಡು, ಅಂಗಿ ಹರಿದುಕೊಂಡು, ಅಳುತ್ತ ಬೀದಿಯಲ್ಲಿ ನಡೆಯುತ್ತಾಳೆ. ಅಣ್ಣನೆಂಬ ಕಾರಣ ಕೊಟ್ಟು ಅವಳನ್ನು ಸುಮ್ಮನಿರಿಸುವವನು ಅವಳನ್ನು ಪ್ರೀತಿಸುತ್ತಿದ್ದ ಅಬ್ಷಾಲೋಮನೇ. ದಾವೀದನು ಸಿಟ್ಟಾಗುತ್ತಾನೆ, ನ್ಯಾಯ ಮಾಡುವುದಿಲ್ಲ. ಆಮೇಲೆ ಆ ಮನೆಯಲ್ಲಿ ರಕ್ತ ಹರಿಯುತ್ತದೆ. ತಾಮಾರಳ ದನಿ ಮತ್ತೆ ಕೇಳಿಬರುವುದಿಲ್ಲ.

ಇನ್ನೂ ಉಳಿದಿರುವ ಕೆಲಸವೇನು? ಅಮೆರಿಕದ ಧರ್ಮಾಧ್ಯಕ್ಷರು 2002ರಲ್ಲಿ ಡಲ್ಲಾಸ್‌ನಲ್ಲಿ ಸೇರಿ, ನೊಂದವರೇ ಗಂಭೀರ ಕಾರಣಕ್ಕಾಗಿ ಕೋರಿದ ಹೊರತು ಗೌಪ್ಯದ ಒಪ್ಪಂದ ಮಾಡಿಕೊಳ್ಳುವುದಿಲ್ಲವೆಂದು ಗೊತ್ತುಪಡಿಸಿದರು. ಟೆಕ್ಸಾಸ್ ರಾಜ್ಯವು 2025ರಲ್ಲಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಹೇಳದಂತೆ ತಡೆಯುವ ಕರಾರಿನ ಷರತ್ತನ್ನೇ ಹೆಸರಿಸಿ ಶೂನ್ಯವಾಗಿಸುವ ಕಾನೂನು ಮಾಡಿತು. ನಮ್ಮ ಕಾನೂನು ಅಂಥ ಷರತ್ತನ್ನು ಹಲವು ಬದಿಗಳಿಂದ ಹೊಡೆಯುತ್ತದೆ. ಆದರೆ ಛಾಪಾ ಕಾಗದಕ್ಕೆ ಸಹಿ ಹಾಕಿದ ತಾಯಿಗೆ ಕರಾರು ಕಾಯ್ದೆಯ ಉದಾಹರಣೆ ಗೊತ್ತಿರುವುದಿಲ್ಲ. ಕಾಗದ ಶೂನ್ಯವಾದರೂ ಅದರ ಭಯ ಶೂನ್ಯವಾಗಿರುವುದಿಲ್ಲ. ಆದುದರಿಂದ ಶಾಸನವು ಈ ಮಾತನ್ನು ನೇರವಾಗಿ, ಎಲ್ಲರಿಗೂ ತಿಳಿಯುವ ನುಡಿಯಲ್ಲಿ ಹೇಳಬೇಕು.

ಶಾಸನಕ್ಕೆ ಕಾಯದೆ ನಾವೇ ಮಾಡಬಹುದಾದುದೂ ಒಂದಿದೆ. ನಮ್ಮ ಧರ್ಮಕ್ಷೇತ್ರಗಳೂ ಸನ್ಯಾಸ ಸಭೆಗಳೂ ಶಾಲೆಗಳೂ, ಹಿಂದೆ ಯಾರಿಂದಲಾದರೂ ಮೌನದ ಮಾತು ಪಡೆದಿದ್ದರೆ, ಅದು ಅವರನ್ನು ಕಟ್ಟುವುದಿಲ್ಲವೆಂದು ಲಿಖಿತವಾಗಿ ತಿಳಿಸಬೇಕು. ಮಾತಾಡುವುದೂ ಬಿಡುವುದೂ ಇನ್ನು ಅವರ ಇಚ್ಛೆ. ಕಟ್ಟಿದ ಕೈಗಳೇ ಬಿಚ್ಚುವುದು ಪಶ್ಚಾತ್ತಾಪದ ಮೊದಲ ಹೆಜ್ಜೆ.